ಸೋಮವಾರ ಹೂಡದ ಮೋಟಾರು

ಹಾನಗಲ್ಲಿನ ಕರಬಸಪ್ಪ ಮೋಟಾರು ನಿಲ್ಲಿಸುವಾಗ ಬ್ರೇಕು ತುಳಿಯುವುದಕ್ಕಿಂತ ಮೊದಲು "ಹೋ… ಹೋ" ಎನ್ನುತ್ತಿದ್ದ. ಹಾಗೆನ್ನದೆ ತುಳಿದರೆ ಬ್ರೇಕು ಹಿಡಿಯುವುದಿಲ್ಲ ಎಂಬುದು ಅವನ ನಂಬಿಕೆ. ನಗುವವರು ನಗಲಿ. ನಾನು ಶಿಗ್ಗಾವಿಯಲ್ಲಿ ಮಾಸ್ತರಿಕೆ ಮಾಡಿಕೊಂಡು ವಾರಕ್ಕೊಮ್ಮೆ ಆ ಮೋಟಾರಿನಲ್ಲಿ ಹಾನಗಲ್ಲಿನ ಮನೆಗೆ ಹೋಗಿ ಬರುತ್ತಿದ್ದವನು. ಒಮ್ಮೆ ಅವನಿಗೆ ಕೆಮ್ಮು ಹತ್ತಿ "ಹೋ" ಎನ್ನಲಾಗದೆ ಮೋಟಾರು ಸೀದಾ ಕುಂಬಾರರ ಗಡಿಗೆಗಳ ಮೇಲೆ ಹೋದದ್ದನ್ನು ಒಳಗೆ ಕುಳಿತೇ ಕಂಡಿದ್ದೇನೆ. ಆಮೇಲೆ ಅವನು ಕೆಮ್ಮಿದಾಗಲೆಲ್ಲ ಒಳಗಿದ್ದ ನಾವೆಲ್ಲ ಸೇರಿ "ಹೋ" ಎನ್ನುವ ರೂಢಿ ಬಿತ್ತು.

ಮೊದಲು ಅವನು ಶಂಕ್ರಪ್ಪ ಸಾಹುಕಾರರ ಅರಳೆ ಸಾಗಿಸುವ ಚಕ್ಕಡಿ ಹೊಡೆಯುತ್ತಿದ್ದ. ಆಳೆತ್ತರದ ಮನುಷ್ಯ, ಬಾರಕೋಲು ಹಿಡಿದರೂ ಎತ್ತಿಗೆ ಹೊಡೆದವನಲ್ಲ. ಗಾಳಿಯಲ್ಲಿ ಬೀಸಿ ಸದ್ದು ಮಾಡಿಸುವುದಷ್ಟೇ. ಸಾಹುಕಾರರಿಗೆ ಒಂದು ವರ್ಷ ಅರಳೆಯಲ್ಲಿ ಒಳ್ಳೆಯ ಲಾಭವಾಗಿ, ಹುಬ್ಬಳ್ಳಿಯಿಂದ ಒಂದು ಸರ್ವಿಸ್ ಮೋಟಾರು ತಂದರು. ಹಾನಗಲ್ಲಿನಿಂದ ಬಂಕಾಪುರ, ಶಿಗ್ಗಾವಿ, ಅಲ್ಲಿಂದ ಸವಣೂರು. ಅರಳೆಯ ಹಂಗಾಮಿನಲ್ಲಿ ಹಿರೇಕೆರೂರಿಗೂ ಹೋಗುತ್ತಿತ್ತು. ಸಾಹುಕಾರರ ಬುದ್ಧಿ ಸರಳವಾದದ್ದು: ಎತ್ತು ಹೊಡೆಯಲು ಬಂದವನಿಗೆ ಮೋಟಾರು ಹೊಡೆಯಲೂ ಬರುತ್ತದೆ. ಹುಬ್ಬಳ್ಳಿಯ ಮೇಸ್ತ್ರಿಯೊಬ್ಬ ಬಂದು ಕಲಿಸಿ ಹೋದ. ಹಳೆಯ ಕಾಯಿದೆಯ ಲೈಸನ್ಸೊಂದನ್ನು ಸಾಹುಕಾರರೇ ಎಲ್ಲಿಂದಲೋ ತರಿಸಿ ಕೈಗೆ ಕೊಟ್ಟರು. ಅದು ಹೇಗೆ ಬಂತು ಎಂದು ಕರಬಸಪ್ಪ ಕೇಳಲಿಲ್ಲ, ಕೊಟ್ಟವರೂ ಹೇಳಲಿಲ್ಲ.

ಆದರೆ ಅವನ ಅವ್ವ ವೀರವ್ವ ಕೇಳುವವಳು. ಮೋಟಾರು ಊರಿಗೆ ಬಂದ ದಿನ ಅವಳು ಮಗನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕೆಂದ್ಯಾ ಎಂಬ ಎತ್ತಿನ ಹಿಂದೆ ನಿಲ್ಲಿಸಿದಳು.

"ಇಷ್ಟ ದಿನ ನಿನ್ನ ಹೊಟ್ಟಿ ತುಂಬಿಸಿದ್ದು ಈ ಎತ್ತು. ಇನ್ನ ಮ್ಯಾಲೆ ಆ ಕಬ್ಬಿಣದ್ದು ತುಂಬಸ್ತೈತಿ. ಯಾವುದ ಇರಲಿ, ಗಾಲಿ ಇದ್ದಿದ್ದನ್ನ ಸ್ವಾಮಾರ ಹೂಡಂಗಿಲ್ಲ ಅಂತ ಬಾಲ ಹಿಡದು ಹೇಳು."

ನಮ್ಮ ಕಡೆ ಸೋಮವಾರ ಬಸವಣ್ಣನ ವಾರ. ಅಂದು ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹೊಲ ಹಾಳಾಗಲಿ, ಮಳೆ ಬಂದು ಹೋಗಲಿ, ಎತ್ತು ಅಂದು ಮೇಯ್ದು ಮಲಗಬೇಕು. ಕರಬಸಪ್ಪ ಬಾಲ ಹಿಡಿದು ಆಣೆ ಮಾಡಿದ. ಕೆಂದ್ಯಾ ಕೂಡಲೇ ಅವನ ಪಾದದ ಮೇಲೆ ಸಗಣಿ ಹಾಕಿತು. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ ಎಂದು ವೀರವ್ವ ಒಳಗೆ ಹೋದಳು.

ಅಂದಿನಿಂದ ಸೋಮವಾರ ಆ ಮೋಟಾರು ಓಡುತ್ತಿರಲಿಲ್ಲ. ಸಾಹುಕಾರರು ಮೊದಮೊದಲು ಕೂಗಾಡಿದರು, ಬೇರೆ ಡ್ರೈವರನನ್ನು ಸೋಮವಾರದ ಮಟ್ಟಿಗೆ ತರುತ್ತೇನೆಂದರು. ಆಗಿನ ಮೋಟಾರು ಚಾಲೂ ಆಗಬೇಕಾದರೆ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ತಿರುವಬೇಕು. ಕರಬಸಪ್ಪ ಭಾನುವಾರ ಸಂಜೆ ಆ ಹ್ಯಾಂಡಲನ್ನು ಮನೆಗೆ ಒಯ್ದು, ತೊಳೆದು, ವಿಭೂತಿ ಬಳಿದು ದೇವರ ಜಗಲಿಯ ಮೇಲೆ ಇಟ್ಟುಬಿಡುತ್ತಿದ್ದ. ಜಗಲಿಯ ಮುಂದೆ ವೀರವ್ವ ಕುಳಿತಿರುತ್ತಿದ್ದಳು. ವೀರವ್ವನನ್ನು ದಾಟಿ ದೇವರ ಜಗಲಿಗೆ ಕೈ ಹಾಕುವ ಗಂಡಸು ಹಾನಗಲ್ಲಿನಲ್ಲಿ ಹುಟ್ಟಿರಲಿಲ್ಲ. ಹುಟ್ಟಿದ ಅರ್ಧ ಊರಿನ ಹೊಕ್ಕಳು ಕೊಯ್ದವಳು ಅವಳೇ.

ಈ ಮೋಟಾರು ಶಿಗ್ಗಾವಿ ದಾಟಿ ಸವಣೂರಿನ ಗಡಿಕಲ್ಲಿಗೆ ಬಂದರೆ ಅಲ್ಲಿಂದಾಚೆ ನವಾಬರ ಸಂಸ್ಥಾನ. ಈಚೆ ಇಂಗ್ರೇಜಿ ಕಾಯಿದೆ, ಆಚೆ ಸಂಸ್ಥಾನದ ಕಾಯಿದೆ. ಎರಡರ ವ್ಯತ್ಯಾಸ ವಕೀಲರಿಗೆ ಗೊತ್ತಿದ್ದರೆ ಗೊತ್ತಿರಬೇಕು. ಕರಬಸಪ್ಪನಿಗೆ ಕಲ್ಲಿನ ಎರಡೂ ಕಡೆ ಸೋಮವಾರ ಒಂದೇ ಕಾಯಿದೆ.

ಅವನು ಮೋಟಾರನ್ನು ಎತ್ತಿನಂತೆಯೇ ನಡೆಸಿಕೊಂಡ. ಒಂದು ಕಾರ ಹುಣ್ಣಿಮೆಗೆ ಅದರ ಮೂತಿಗೆ ಕೆಮ್ಮಣ್ಣು ಬಳಿದು, ಎರಡು ದೀಪಗಳಿಗೂ ಕೊಂಬಿಗೆ ಕಟ್ಟುವ ಗೊಂಡೆ ಕಟ್ಟಿ, ಊರ ಅಗಸೆಬಾಗಿಲಲ್ಲಿ ಎತ್ತುಗಳ ಜೊತೆ ಕರಿ ಹರಿಯಲು ಬಿಟ್ಟ. ಬೇವಿನ ಸೊಪ್ಪಿನ ಆ ಹಗ್ಗವನ್ನು ಯಾವ ಎತ್ತು ಮೊದಲು ಹರಿಯುತ್ತದೋ ಆ ಬಣ್ಣದ ಬೆಳೆ ಆ ವರ್ಷ ಚೆನ್ನಾಗಿ ಬರುತ್ತದೆ ಎನ್ನುತ್ತಾರೆ. ಮೋಟಾರೇ ಮೊದಲು ಹರಿಯಿತು. ಮೋಟಾರಿನ ಬಣ್ಣ ನೀಲಿ. ನೀಲಿ ಬೆಳೆ ಯಾವುದೆಂದು ಹಿರಿಯರು ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಜಗಳಾಡಿದರು. ಆ ಗದ್ದಲದಲ್ಲಿ ಎಡಗಡೆಯ ದೀಪ ಅಗಸೆಯ ಕಂಬಕ್ಕೆ ಬಡಿದು ಒಡೆಯಿತು. ಹೊಸ ದೀಪ ಮುಂಬಯಿಯಿಂದ ಬರಬೇಕು ಎಂದರು ಸಾಹುಕಾರರು. ಮುಂಬಯಿ ಅವರ ಜಿಪುಣತನದಷ್ಟೇ ದೂರವಿತ್ತು. ಹೀಗಾಗಿ ಮೋಟಾರಿಗೆ ಒಕ್ಕಣ್ಣಾಯಿತು, ಕತ್ತಲಾಗುವುದರೊಳಗೆ ಅದು ಎಲ್ಲಿಯಾದರೂ ನಿಲ್ಲಲೇಬೇಕಿತ್ತು.

ಅದೇ ವರ್ಷ ಹೊಸ ಮೋಟಾರು ಕಾಯಿದೆ ಬಂತು. ಅದನ್ನು ಊರಿಗೆ ತಂದವನು ಸಾಹುಕಾರರ ಹೆಂಡತಿಯ ತಮ್ಮ ಗುದ್ಲೆಪ್ಪ. ಇದೇ ಊರಿನಲ್ಲಿ ಹುಟ್ಟಿದ ಇವನು ಹುಬ್ಬಳ್ಳಿಯಲ್ಲಿ ಮೋಟಾರು ಕಲಿತು, ಹೊಸ ಲೈಸನ್ಸು ಪಡೆದು, ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದ. ಮಳೆಗಾಲದ ಮೋಡದಲ್ಲೂ ಅದನ್ನು ತೆಗೆಯುತ್ತಿರಲಿಲ್ಲ. ಅಂಗಡಿಯ ಗಾದಿಯ ಮೇಲೆ ಕುಳಿತು ಕಾಯಿದೆಯ ಪುಸ್ತಕ ಓದಿ ಹೇಳಿದ: ಬಾಡಿಗೆ ಮಂದಿಯನ್ನು ಕೂಡಿಸಿಕೊಂಡು ಹೊಡೆಯುವವನು ಸರ್ಕಾರದ ಸಾಹೇಬರ ಮುಂದೆ ಗಾಡಿ ಹೊಡೆದು ತೋರಿಸಬೇಕು, ಹಿಂದಕ್ಕೆ ಸರಿಸಬೇಕು, ಕೈಸನ್ನೆ ಮಾಡಬೇಕು. ಹಾಗೆ ಪಾಸಾದವನಿಗೆ ಎದೆಗೆ ಚುಚ್ಚಿಕೊಳ್ಳಲು ಹಿತ್ತಾಳೆಯ ಬಿಲ್ಲೆ. ಆಗದವನ ಕೈಗೆ ಗಾಡಿ ಕೊಟ್ಟ ಮಾಲಕನಿಗೂ ದಂಡ.

ದಂಡ ಎಂಬ ಮಾತು ಕೇಳುತ್ತಲೇ ಸಾಹುಕಾರರು ಎದ್ದು ಕುಳಿತರು.

"ಕರಬಸಪ್ಪ, ಶ್ರಾವಣ ಮುಗಿಯೂದ್ರಾಗ ಲೈಸನ್ಸ್ ತಗೊಂಡು ಬಂದ್ರ ಗಾಡಿ ನಿಂದು. ಇಲ್ಲಂದ್ರ ಗುದ್ಲೆಪ್ಪ ಹೊಡೀತಾನ, ನೀ ಮತ್ತ ಚಕ್ಕಡಿ ಹೂಡು."

ಕರಬಸಪ್ಪ ಹೊರಗೆ ಬಂದು ಮೋಟಾರಿನ ಮೂತಿಯ ಮೇಲೆ ಕೈ ಇಟ್ಟು ನಿಂತ. ಚಕ್ಕಡಿ ಹೊಡೆಯುವುದು ಅವನಿಗೆ ಅವಮಾನವಲ್ಲ. ಆದರೆ ಆ ಮೋಟಾರಿನ ಮೇಲೆ ಅವನಿಗೆ ಜೀವವಿತ್ತು. ಗುದ್ಲೆಪ್ಪ ಅದನ್ನು ಹೊಡೆಯುತ್ತಾನೆಂದರೆ ತನ್ನ ಎತ್ತನ್ನು ಕಟುಕನಿಗೆ ಹಿಡಿದುಕೊಟ್ಟಷ್ಟು ಸಂಕಟವಾಯಿತು ಎಂದು ಆಮೇಲೆ ನನಗೆ ಹೇಳಿದ. ಹೇಳುವಾಗಲೂ ಅವನ ಕಣ್ಣು ಒದ್ದೆಯಾಗಿತ್ತು.

ಅರ್ಜಿ ಬರೆಯಲು ಗುದ್ಲೆಪ್ಪ ತಾನಾಗಿಯೇ ಮುಂದೆ ಬಂದ. ನಾನು ಅಲ್ಲೇ ಎಚ್ಚರಾಗಬೇಕಿತ್ತು. ನರಿ ಕೋಳಿಗೂಡಿನ ಕದ ಹಾಕಿಕೊಡುತ್ತೇನೆಂದರೆ ಯಾರಾದರೂ ನಂಬುತ್ತಾರೆಯೇ? ಪರೀಕ್ಷೆಯ ಸಾಹೇಬರು ಧಾರವಾಡದಿಂದ ಶಿಗ್ಗಾವಿಯ ಬಂಗಲೆಗೆ ಆ ತಿಂಗಳು ಎರಡು ಸಲ ಬರುವವರಿದ್ದರು, ಒಂದು ಗುರುವಾರ, ಒಂದು ಸೋಮವಾರ. ಗುದ್ಲೆಪ್ಪ ಸೋಮವಾರವನ್ನೇ ಬೇಡಿಕೊಂಡ. ಅದೂ ಶ್ರಾವಣ ಸೋಮವಾರ. ಉತ್ತರ ಬಂದು ನಾನು ಓದಿ ಹೇಳುವಷ್ಟರಲ್ಲಿ ಗುರುವಾರ ಕಳೆದುಹೋಗಿತ್ತು.

ಕರಬಸಪ್ಪ ಎದೆಗುಂದಲಿಲ್ಲ. "ಸಾಹೇಬ್ರೂ ಮನಶ್ಯಾರ ಅಲ್ಲೇನ್ರಿ ಮಾಸ್ತರ. ಕೇಳ್ಕೊಂಡ್ರಾತು," ಎಂದು ಕೈಸನ್ನೆಯ ಅಭ್ಯಾಸಕ್ಕೆ ತೊಡಗಿದ. ಗಾಡಿ ನಿಲ್ಲಿಸುವಾಗ ಬಲಗೈ ಮೇಲೆತ್ತಬೇಕು. ಅವನು ಎತ್ತಿದ್ದೇ ತಡ, ಕಟ್ಟೆಯ ಮೇಲಿದ್ದ ಹಿರಿಯರು ಎದ್ದು "ಶರಣ್ರೀ ಕರಬಸಪ್ಪ" ಎಂದು ಕೈಮುಗಿಯುತ್ತಿದ್ದರು. ಬಲಕ್ಕೆ ತಿರುಗುವಾಗ ಕೈ ಹೊರಕ್ಕೆ ಚಾಚಬೇಕು. ಚಾಚಿದರೆ ದಾರಿಯಲ್ಲಿ ಬುಟ್ಟಿ ಹೊತ್ತವರು ಕೈಯಲ್ಲಿ ಬೆಳ್ಳುಳ್ಳಿ, ಮೆಣಸಿನಕಾಯಿ ಇಟ್ಟು ಹೋಗುತ್ತಿದ್ದರು. ಅವನು ಬೇಡವೆನ್ನಲಿಲ್ಲ. ಆ ವಾರ ವೀರವ್ವ ಸಂತೆಗೆ ಹೋಗಲಿಲ್ಲ.

ಸೋಮವಾರ ಗಾಡಿ ಹೂಡುವಂತಿಲ್ಲವಾದ್ದರಿಂದ ಭಾನುವಾರವೇ ಶಿಗ್ಗಾವಿ ಸೇರಬೇಕಿತ್ತು. ಸಂಜೆ ಹೊರಟೆವು. ನಾನೂ ಶಾಲೆಗೆಂದು ಅದರಲ್ಲೇ ಕುಳಿತಿದ್ದೆ. ಗುದ್ಲೆಪ್ಪ ತನ್ನ ಸೈಕಲ್ಲನ್ನು ಮೇಲೆ ಕಟ್ಟಿಸಿ, ಸಾಕ್ಷಿಗೆಂದು ಹಿಂದಿನ ಸಾಲಿನಲ್ಲಿ ಕಾಲು ಚಾಚಿಕೊಂಡಿದ್ದ. ಬಂಕಾಪುರ ದಾಟುವಾಗ ಹೊತ್ತು ಮುಳುಗಿತು. ಒಕ್ಕಣ್ಣಿನ ಗಾಡಿ, ಕತ್ತಲಾದರೆ ನಿಲ್ಲಬೇಕು. ಕರಬಸಪ್ಪ ಇನ್ನೂ ಉಳಿದಿದ್ದ ಬೆಳಕಿನಲ್ಲೇ ಬಿಟ್ಟು ಹೊಡೆದು ಬಂಗಲೆಯ ಮುಂದೆ "ಹೋ" ಎಂದ. ಹ್ಯಾಂಡಲನ್ನು ಹೆಗಲ ಮೇಲಿಟ್ಟುಕೊಂಡು ಪಕ್ಕದ ಬಸವಣ್ಣನ ಗುಡಿಗೆ ಹೋಗಿ ಕಲ್ಲಿನ ಬಸವಣ್ಣನ ಎರಡು ಕಾಲುಗಳ ನಡುವೆ ಇಟ್ಟು ಬಂದ.

ಶ್ರಾವಣ ಸೋಮವಾರ ಶಾಲೆಗೆ ಅರ್ಧ ದಿನ ರಜೆ. ನಾನು ಮಧ್ಯಾಹ್ನವೇ ಬಂಗಲೆಯ ಬೇವಿನ ಗಿಡದ ಕೆಳಗೆ ಜಾಗ ಹಿಡಿದೆ. ಸಾಹೇಬರು ತೆಳ್ಳಗಿನ ಮನುಷ್ಯ, ಹಣೆಗೆ ಗಂಧ, ಖಾಕಿ ಕೋಟು, ಮುಖ ಬಾಡಿತ್ತು. ಕರಬಸಪ್ಪನ ಹೆಸರು ಕೂಗಿದರು. ಅವನು ಬಂದು ಕೈಮುಗಿದು ನಿಂತ.

"ಗಾಡಿ ಚಾಲೂ ಮಾಡು."

"ಇವತ್ತ ಹೂಡಂಗಿಲ್ರಿ ಸಾಹೇಬ್ರ. ಸ್ವಾಮಾರ."

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ಸೋಮವಾರ ಎತ್ತಿಗೆ ಅದನಪಾ. ಮೋಟಾರಿಗೆ ಯಾವ ಶಾಸ್ತ್ರದಾಗ ಹೇಳ್ಯಾರ?"

"ಶಾಸ್ತ್ರದಾಗಲ್ರಿ, ನಮ್ಮವ್ವ ಹೇಳ್ಯಾಳ. ಬಾಲ ಹಿಡದು ಆಣಿ ಮಾಡೇನಿ. ನಾಳೆ ಹೊತ್ತ ಹೊಂಡೂ ಮುಂದ ಹೊಡದು ತೋರಸ್ತೇನ್ರಿ."

"ನಾಳೆ ಹೊತ್ತು ಹೊಂಡೂದ್ರಾಗ ನಾ ಧಾರವಾಡದ ದಾರಿ ಹಿಡದಿರ್ತೀನಿ. ಇವತ್ತು ಹೊಡೀಲಿಲ್ಲಾಂದ್ರ ಗೈರುಹಾಜರು ಅಂತ ಬರೀತೀನಿ ನೋಡು."

ಹಿಂದೆ ಗುದ್ಲೆಪ್ಪ ಕೆಮ್ಮಿದ. ಅದು ನೆಗಡಿಯ ಕೆಮ್ಮಲ್ಲ.

ಹೂಡದೆ ಮಾಡಬಹುದಾದ ಭಾಗವನ್ನಾದರೂ ಮುಗಿಸೋಣ ಎಂದು ಸಾಹೇಬರು ಬಾಯಿಮಾತಿನ ಪ್ರಶ್ನೆ ಕೇಳಿದರು. "ಸಾಲಿ, ಗುಡಿ, ಮಸೀದಿ ಮುಂದ ಹೆಂಗ ಹೋಗ್ತೀ?"

"ಮೆಲ್ಲಕ ಹೊಕ್ಕೇನ್ರಿ, ಕೈ ಮುಗದು."

"ಎರಡೂ ಕೈ ಬಿಟ್ಟು?"

"ಇಲ್ರಿ. ಒಂದ ಕೈಲೆ ಮುಗೀತೇನಿ. ದೇವರಿಗೂ ಗೊತ್ತೈತ್ರಿ, ಇನ್ನೊಂದು ಸ್ಟೇರಿಂಗ ಮ್ಯಾಲ ಐತಂತ."

ಸಾಹೇಬರ ತುಟಿಯ ಅಂಚು ಅಲುಗಿತು. ಆದರೂ ಗಾಡಿ ಹೊಡೆಯದವನಿಗೆ ಲೈಸನ್ಸು ಕೊಡುವುದು ಹೇಗೆ? ಅವರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು ಆಕಾಶ ನೋಡಿದರು, ಒಳಗೆ ಹೋದರು. ಮತ್ತೆ ಬಂದು ಮತ್ತೆ ನೋಡಿದರು. ಆಕಾಶದ ತುಂಬ ಮೋಡ, ನೋಡಲು ಅಲ್ಲಿ ಏನೂ ಇರಲಿಲ್ಲ. ಕರಬಸಪ್ಪ ಮೋಟಾರಿನ ಪಕ್ಕದಲ್ಲಿ ಕುಳಿತು ಇದನ್ನೆಲ್ಲ ಗಮನಿಸುತ್ತಿದ್ದ. ಕೊನೆಗೆ ಕೇಳಿಯೇಬಿಟ್ಟ.

"ಸಾಹೇಬ್ರ, ತಮ್ದೂ ಸ್ವಾಮಾರ ಏನ್ರಿ?"

ಸಾಹೇಬರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಹಸಿದವನ ಹೊಟ್ಟೆಯನ್ನು ಯಾರಾದರೂ ಕೇಳಿದರೆ ಅಧಿಕಾರ ಉಳಿಯುವುದಿಲ್ಲ. "ನಿರಾಹಾರ. ಸಂಜಿಕೆ ಆಕಾಶದಾಗ ಚಿಕ್ಕಿ ಕಂಡ ಮ್ಯಾಲೆ ಊಟ. ಹೋದ ವಾರ ಹಿಂಗ ಮೋಡ ಇತ್ತು, ಚಿಕ್ಕಿ ಕಾಣಲೇ ಇಲ್ಲ. ನೀರು ಕುಡದು ಮಲಗಿದೆ."

"ಒಂದ ತುತ್ತು ಉಂಡಿದ್ರ ಯಾರ ನೋಡ್ತಿದ್ರು ರೀ?"

"ಯಾರೂ ನೋಡ್ತಿದ್ದಿಲ್ಲ. ಆದ್ರ ನಡಿಯೂದಿಲ್ಲಪಾ."

"ನಂದೂ ಹಂಗರಿ," ಎಂದ ಕರಬಸಪ್ಪ.

ಗೈರುಹಾಜರು ಎಂದು ಬರೆಯಲು ತೆಗೆದ ಲೇಖಣಿಯನ್ನು ಸಾಹೇಬರು ಮತ್ತೆ ಕಿಸೆಗೆ ಸಿಕ್ಕಿಸಿದರು. ಆದರೆ ದಾರಿಯೇನೂ ಕಾಣಲಿಲ್ಲ. ಇಬ್ಬರು ವ್ರತಸ್ಥರು ಎದುರುಬದುರು ಕುಳಿತು ಒಂದೇ ಸೋಮವಾರವನ್ನು ಬೈದುಕೊಳ್ಳುತ್ತಿದ್ದರು, ಬಾಯಿಬಿಟ್ಟು ಬೈಯುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಆಗ ಸವಣೂರಿನ ಕಡೆಯಿಂದ ಟಾಂಗಾ ಬಂತು. ಇಳಿದವಳು ಹಮೀದುನ್ನೀಸಾ, ಸವಣೂರಿನ ವೀಳ್ಯದೆಲೆಯ ವ್ಯಾಪಾರದವಳು. ಎಲೆಯ ಬುಟ್ಟಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಹಾನಗಲ್ಲಿಗೆ ಕಳಿಸುವುದು ಅವಳ ಕಸುಬು, ಕರಬಸಪ್ಪನ ಮೋಟಾರೇ ಅವಳ ಆಧಾರ. ಸೋಮವಾರ ಮೋಟಾರು ಸವಣೂರಿಗೆ ಬರುವುದಿಲ್ಲವೆಂದು, ಅದು ಬಂಗಲೆಯ ಮುಂದೆ ನಿಂತಿದೆಯೆಂದು ಕೇಳಿ ಅವಳೇ ಶಿಗ್ಗಾವಿಯ ತನಕ ಎಲೆ ತಂದಿದ್ದಳು.

"ಕರಬಸಪ್ಪಣ್ಣ, ಬುಟ್ಟಿ ಏರಸು. ಎಲಿ ಬಾಡಾಕತ್ತಾವು."

"ಬೀಬಿ, ಸ್ವಾಮಾರ ಐತಿ."

"ಇನ್ನ ಎಷ್ಟೊತ್ತು ಸ್ವಾಮಾರ? ಹೊತ್ತ ಮುಳಗೂದು ಬಂತಲ್ಲ. ಮುಳಗಿತು ಅಂದ್ರ ಮಂಗಳಾರ."

ಕರಬಸಪ್ಪನ ಕಿವಿ ನೆಟ್ಟಗಾಯಿತು. "ಮಂಗಳಾರ ನಾಳೆ ಮುಂಜಾನೆ ಅಲ್ಲೇನು?"

"ಅದು ನಿಮ್ದು. ನಮ್ಮಲ್ಲಿ ಹೊತ್ತ ಮುಳಗಿದ ಕೂಡ್ಲೆ ಮುಂದಿನ ದಿನ ಹತ್ತತೈತಿ. ಗುರುವಾರ ಸಂಜಿಕೆ ಹುಲಗೂರ ದರ್ಗಾಕ ನೀನ ಮಂದಿ ತುಂಬ್ಕೊಂಡು ಹೊಕ್ಕಿಯಲ್ಲ, ಜುಮ್ಮಾ ರಾತ್ರಿ ಅಂತ. ಅಲ್ಲಿ ಸಕ್ಕರಿ ಓದಿಸಿ ಬಾಯಾಗ ಹಾಕ್ಕೊಳ್ಳೂ ಮುಂದ ನಡೀತೈತಿ, ಸ್ವಾಮಾರಕ್ಕ ನಡ್ಯಂಗಿಲ್ಲೇನು?"

ಅವಳಿಗೆ ಧರ್ಮದ ಚರ್ಚೆ ಬೇಕಿರಲಿಲ್ಲ, ಎಲೆ ಹೋಗಬೇಕಿತ್ತು. ಆದರೆ ಮಾತು ಬೀಳಬೇಕಾದಲ್ಲಿ ಬಿದ್ದಿತ್ತು. ಹುಲಗೂರಿನ ದರ್ಗಾಕ್ಕೆ ಅವ್ವ ಹರಕೆ ಹೊತ್ತ ಮೇಲೆ ಹುಟ್ಟಿದವನು ಕರಬಸಪ್ಪ. ಆ ಲೆಕ್ಕವನ್ನು ಸುಳ್ಳೆನ್ನುವುದು ಅವನಿಂದಾಗದು. ಅವನು ಸಾಹೇಬರ ಮುಖ ನೋಡಿದ. ಸಾಹೇಬರು ಹಮೀದುನ್ನೀಸಾಳ ಮುಖ ನೋಡುತ್ತಿದ್ದರು.

"ಬಾಯಿ, ಈ ಮೋಡದಾಗ ಹೊತ್ತು ಮುಳಗಿದ್ದು ನಿಮಗ ಹೆಂಗ ತಿಳೀತದ?"

"ಬಾಂಗ್ ಕೊಡ್ತಾರಲ್ರಿ ಸಾಹೇಬ್ರ. ಅವರ ಗಡಿಯಾರ ನೋಡೇ ಕೊಡ್ತಾರ."

"ಅಂದ್ರ ಆಮ್ಯಾಲ ಸೋಮವಾರ ಇರೂದಿಲ್ಲ."

"ಎಲ್ಲಿಂದ ಇರತೈತ್ರಿ? ಹೋತು."

ಸಾಹೇಬರು ಮೀಸೆಯ ಮೇಲೆ ಕೈಯಾಡಿಸಿದರು. ಆ ಹೊತ್ತಿನಲ್ಲಿ ಅವರಿಗೆ ಕಂಡದ್ದು ಲೈಸನ್ಸಿನ ಅರ್ಜಿಯಲ್ಲ, ಒಳಗೆ ಮುಚ್ಚಿಟ್ಟಿದ್ದ ಅನ್ನದ ಪಾತ್ರೆ ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಗುದ್ಲೆಪ್ಪ ಧಡಕ್ಕನೆ ಮುಂದೆ ಬಂದ. "ಸಾಹೇಬ್ರ, ಈ ಗಾಡಿಗೆ ಒಂದ ದೀಪ ಐತ್ರಿ. ಹೊತ್ತ ಮುಳಗಿದ ಮ್ಯಾಲ ಒಂದ ದೀಪದ ಗಾಡಿ ಹೊಡಿಯೂದು ಕಾಯಿದೆಕ್ಕ ವಿರುದ್ಧ."

ಬಲೆ ಚೆನ್ನಾಗಿಯೇ ಇತ್ತು. ಹೊತ್ತು ಮುಳುಗದಿದ್ದರೆ ಆಣೆ ಮುರಿಯುತ್ತದೆ, ಮುಳುಗಿದರೆ ಕಾಯಿದೆ ಮುರಿಯುತ್ತದೆ. ಕರಬಸಪ್ಪನ ಮುಖ ಇಳಿಯಿತು. ಆದರೆ ಗುದ್ಲೆಪ್ಪನ ದುರದೃಷ್ಟಕ್ಕೆ ಅವನು ಪುಸ್ತಕ ಓದಿದ್ದು ಅಂಗಡಿಯಲ್ಲಿ, ಸಾಹೇಬರು ಓದಿದ್ದು ನೌಕರಿಗಾಗಿ.

"ಕಾಯಿದೆ ಪೂರಾ ಓದಿಲ್ಲ ನೀ," ಎಂದರು. "ದೀಪ ಹಚ್ಚಬೇಕಾದ್ದು ಹೊತ್ತು ಮುಳಗಿ ಅರ್ಧ ತಾಸಿಗೆ. ಅಲ್ಲೀತನಕಾ ಕಾಯಿದೆ ಪ್ರಕಾರ ಹಗಲು."

ನಾನು ಮಾಸ್ತರನಾಗಿ ಎಷ್ಟೋ ಲೆಕ್ಕ ಬಿಡಿಸಿದ್ದೇನೆ, ಇಂಥ ಲೆಕ್ಕ ನೋಡಿರಲಿಲ್ಲ. ಬಾಂಗ್ ಆದ ಮೇಲಿನ ಆ ಅರ್ಧ ತಾಸು ಸವಣೂರಿನವರಿಗೆ ಮಂಗಳವಾರ, ಸರ್ಕಾರಕ್ಕೆ ಹಗಲು. ಕರಬಸಪ್ಪನ ಇಡೀ ಬದುಕು ಆ ಸಂದಿಯಲ್ಲಿ ತೂರಬೇಕಿತ್ತು.

ಎಲ್ಲರೂ ಮಸೀದಿಯ ಕಡೆ ಕಿವಿಗೊಟ್ಟು ನಿಂತೆವು. ಸಾಹೇಬರು ಗಡಿಯಾರ ಕೈಯಲ್ಲಿ ಹಿಡಿದಿದ್ದರು. ಬಾಂಗ್ ಕೇಳಿದ್ದೇ ಕರಬಸಪ್ಪ ಧೋತರ ಎತ್ತಿ ಕಟ್ಟಿ ಬಸವಣ್ಣನ ಗುಡಿಗೆ ಓಡಿದ, ಹ್ಯಾಂಡಲ್ ತಂದ, ತಿರುವಿದ. ಗಾಡಿ ಗುರ್ರೆಂದಿತು. ಸಾಹೇಬರು ಪಕ್ಕದಲ್ಲಿ ಏರಿ ಕುಳಿತರು. ಮುಂದಕ್ಕೆ ಹೋಯಿತು, ಬಾವಿಯ ಸುತ್ತ ತಿರುಗಿತು, ಕೈ ಚಾಚಿದ, ಕೈ ಎತ್ತಿದ. ನೀರು ಸೇದುತ್ತಿದ್ದ ಮುದುಕನೊಬ್ಬ "ಶರಣ್ರೀ" ಎಂದ. ಹಿಂದಕ್ಕೆ ಸರಿಸುವುದು ಮಾತ್ರ ಕಷ್ಟವಾಯಿತು. ಚಕ್ಕಡಿಯನ್ನು ಹಿಂದಕ್ಕೆ ಹೊಡೆಯುವ ರೂಢಿ ಯಾರಿಗಿರುತ್ತದೆ? ಅಡ್ಡಡ್ಡವಾಗಿ ಸರಿದು ಬಂಗಲೆಯ ಬಾಗಿಲಿಗೆ ಬೆನ್ನು ಮುಟ್ಟುವಂತೆ ಬಂದು "ಹೋ… ಹೋ" ಎಂದು ನಿಂತಿತು.

"ಇದು ಯಾರಿಗೆ ಅಂದಿ?" ಎಂದರು ಸಾಹೇಬರು.

"ಗಾಡಿಗ್ರಿ."

ಸಾಹೇಬರು ಸ್ವಲ್ಪ ಯೋಚಿಸಿದರು. "ಅನ್ನಬಾರದು ಅಂತ ಕಾಯಿದೆದಾಗ ಇಲ್ಲ," ಎಂದು, ಉಳಿದ ಬೆಳಕಿನಲ್ಲಿ ಗಾಡಿಯ ಮೆಟ್ಟಿಲ ಮೇಲೇ ಕಾಗದ ಇಟ್ಟು ಸಹಿ ಹಾಕಿ ಬಿಲ್ಲೆ ಕೊಟ್ಟರು. ಆಮೇಲೆ ಗಡಿಯಾರ ನೋಡಿ ಬೆರಳೆತ್ತಿದರು. "ಹೊತ್ತಾತು. ಇನ್ನ ಒಂದು ಗೇಣು ಸರಸಿದ್ರ ನಾನ ದಂಡ ಹಾಕ್ತೀನಿ." ಬಾಗಿಲಿಗೆ ಅಡ್ಡ ಮೋಟಾರು ನಿಂತಿತ್ತು. ತಾವೇ ಹೇಳಿದ ಕಾಯಿದೆಗೆ ತಲೆಬಾಗಿ ಸಾಹೇಬರು ಬಂಗಲೆಯನ್ನು ಸುತ್ತು ಹಾಕಿ ಅಡಿಗೆಮನೆಯ ಹಿಂಬಾಗಿಲಿನಿಂದ ಊಟಕ್ಕೆ ಹೋದರು. ಚಿಕ್ಕಿ ಕಂಡಿತೋ ಇಲ್ಲವೋ ಯಾರೂ ಕೇಳಲಿಲ್ಲ.

"ನನ್ನ ಮಂಗಳಾರ ಇಸಗೊಂಡು ನನ್ನ ಎಲಿ ಇಲ್ಲೇ ಬಿಟ್ಟೆಲ್ಲೋ," ಎಂದು ಹಮೀದುನ್ನೀಸಾ ಬುಟ್ಟಿಗಳಿಗೆ ನೀರು ಚಿಮುಕಿಸುತ್ತ ಬೈದಳು. ಕರಬಸಪ್ಪ ನಗುತ್ತ ಬೈಸಿಕೊಂಡ. ಅವನಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಆಮೇಲೆ ಕಂಡದ್ದು ಕಡಿಮೆ.

ಆ ಸಂತೋಷ ಹಾನಗಲ್ಲಿನ ತನಕ ಇತ್ತು. ಗುದ್ಲೆಪ್ಪ ಬೆಳಕು ಹರಿಯುತ್ತಲೇ ಸೈಕಲ್ ಏರಿ, ಮೋಟಾರು ಮಂದಿಗಾಗಿ ಕಾಯುತ್ತಿರುವಾಗ ಮೊದಲೇ ಊರು ಸೇರಿ, ವೀರವ್ವನ ಕಟ್ಟೆಯ ಮೇಲೆ ಕುಳಿತಿದ್ದ. ನಿನ್ನ ಮಗ ಶ್ರಾವಣ ಸೋಮವಾರ ಗಾಡಿ ಹೂಡಿ ಅದನ್ನು ಮಂಗಳವಾರ ಅಂದ ಎಂದು ಹೇಳಿ, ಅವಳು ಕೊಟ್ಟ ಚಹವನ್ನೂ ಕುಡಿದಿದ್ದ. ಮುಂದಿನದು ನಾನು ಕಂಡದ್ದಲ್ಲ, ವೀರವ್ವನೇ ಹೇಳಿದ್ದು. ಮಗ ಬಂದು ಬಿಲ್ಲೆ ತೋರಿಸಿದ. ಅವಳು ಅದನ್ನು ನೋಡಲಿಲ್ಲ.

"ಯಾರ ಮಂಗಳಾರದಾಗ ಹೂಡಿದಿ?"

"ಸವಣೂರವರ ಮಂಗಳಾರ ಯವ್ವ. ಹೊತ್ತ ಮುಳಗಿದ ಮ್ಯಾಲ ಹೂಡೇನಿ."

ವೀರವ್ವ ಎಲೆಗೆ ಸುಣ್ಣ ಹಚ್ಚಿದಳು, ಮಡಿಚಿದಳು, ಬಾಯಿಗಿಟ್ಟುಕೊಂಡಳು. ಅವಳಿಗೆ ಆ ಲೆಕ್ಕದ ಮೇಲೆ ಸಿಟ್ಟಿರಲಿಲ್ಲ. ಮಗನನ್ನು ಹರಕೆ ಹೊತ್ತು ಪಡೆದದ್ದು ಅದೇ ದರ್ಗಾದಲ್ಲಿ.

"ಒಳ್ಳೇದಾತು. ಹಂಗಾರ ಅವರ ಸ್ವಾಮಾರ ಯಾವಾಗ ಹತ್ತತೈತಿ?"

"ಐತ್ವಾರ ಹೊತ್ತ ಮುಳಗಿದ ಮ್ಯಾಲ."

"ಐತ್ವಾರ ಹೊತ್ತ ಮುಳಗೂ ಮುಂದ ನೀ ಎಲ್ಲಿದ್ದಿ?"

ಕರಬಸಪ್ಪ ಬಿಲ್ಲೆಯನ್ನು ಕೆಳಗಿಳಿಸಿದ. ಬಂಕಾಪುರದ ದಾರಿ, ಮುಳುಗಿದ ಹೊತ್ತು, ಉಳಿದ ಬೆಳಕಿನಲ್ಲಿ ಬಿಟ್ಟು ಹೊಡೆದದ್ದು ಎಲ್ಲ ಕಣ್ಣ ಮುಂದೆ ಬಂತು.

"ತುದಿ ಅವರದು, ಬುಡ ನಿಂದು ಅಂದ್ರ ನಡ್ಯಂಗಿಲ್ಲ ಮಗನ," ಎಂದಳು. "ಲೆಕ್ಕ ತಗೊಂಡ್ರ ಪೂರಾ ತಗೋಬೇಕು. ಎತ್ತಿಗೆ ಆಣಿ ಮುರದಿ, ಎತ್ತಿಗೇ ತೀರಸಬೇಕು. ಬರೂ ಸ್ವಾಮಾರ ತಾರಕೇಶ್ವರನ ಗುಡಿಗೆ ನನ್ನ ಚಕ್ಕಡ್ಯಾಗ ಕರ್ಕೊಂಡು ಹೋಗು. ಕೆಂದ್ಯಾ ಹಿಂದ ಬರತೈತಿ. ನೊಗಕ್ಕ ನೀ ಬಾ."

ಗುದ್ಲೆಪ್ಪ ನಕ್ಕ. ನಗಬಾರದಿತ್ತು.

"ಸ್ವಾಮಾರಾನ ಬೇಕಂತ ಅರ್ಜಿ ಬರದಾಂವ ನೀನ ಅಲ್ಲೇನು? ನೀ ಹಿಂದಿಂದ ನೂಕು. ನಿನ್ನ ಹೊಕ್ಕಳಾ ಕೊಯ್ದಾಕಿ ಹೇಳಾಕತ್ತೇನಿ."

ಇದಾದ ಮೇಲೆ ಆ ಮೋಟಾರಿನ ವಾರ ಬದಲಾಯಿತು. ಭಾನುವಾರ ಬಾಂಗ್ ಆಗುತ್ತಲೇ ಹ್ಯಾಂಡಲ್ ಜಗಲಿ ಏರುತ್ತಿತ್ತು, ಮಂಗಳವಾರ ಹೊತ್ತು ಹುಟ್ಟಿದ ಮೇಲೆಯೇ ಇಳಿಯುತ್ತಿತ್ತು. ಅವರ ಸೋಮವಾರದ ಬುಡ, ನಮ್ಮ ಸೋಮವಾರದ ತುದಿ, ಎರಡೂ ರಜೆ. ಯುದ್ಧದ ದಿನಗಳಲ್ಲಿ ಪೆಟ್ರೋಲು ಸಿಗದೆ ಹೊಟ್ಟೆಗೆ ಇದ್ದಿಲಿನ ಹೊಗೆ ತುಂಬಿಸಿಕೊಂಡು ಓಡಿದಾಗಲೂ ಹೀಗೆಯೇ. ಸವಣೂರು ಸಂಸ್ಥಾನ ಹೋಗಿ ಗಡಿಕಲ್ಲು ಬರೀ ಕಲ್ಲಾದ ಮೇಲೂ ಹೀಗೆಯೇ. ಸಾಹುಕಾರರು ಸಿಟ್ಟಾದರೂ ಅವನನ್ನು ಬಿಡಿಸಲಿಲ್ಲ. ಲೈಸನ್ಸಿದ್ದ ಗುದ್ಲೆಪ್ಪ ಒಂದೇ ಒಂದು ಸಲ ಆ ಗಾಡಿ ಹೊಡೆದಿದ್ದ, "ಹೋ" ಎನ್ನಲು ನಾಚಿಕೊಂಡು ಸಾಹುಕಾರರ ಅಂಗಡಿಯೊಳಕ್ಕೇ ನುಗ್ಗಿಸಿದ್ದ.

ವೀರವ್ವ ಹೇಳಿದ ಆ ಸೋಮವಾರಕ್ಕೆ ನಾನು ಹೊಟ್ಟೆನೋವೆಂದು ಶಾಲೆಗೆ ರಜೆ ಹಾಕಿ ಹಾನಗಲ್ಲಿನಲ್ಲೇ ಉಳಿದೆ. ಇಂಥದ್ದನ್ನು ಬಿಟ್ಟು ಪಾಠ ಹೇಳುವವನು ಮನುಷ್ಯನಲ್ಲ. ವೀರವ್ವ ಇಳಕಲ್ ಸೀರೆ ಉಟ್ಟು ಚಕ್ಕಡಿಯ ನಡುವೆ ಕುಳಿತಿದ್ದಳು. ಮುಂದೆ ನೊಗದಲ್ಲಿ ಕರಬಸಪ್ಪ, ಎದೆಯ ಮೇಲೆ ಹೊಸ ಬಿಲ್ಲೆ ಹೊಳೆಯುತ್ತಿತ್ತು. ಹಿಂದೆ ಕಪ್ಪು ಕನ್ನಡಕ ಹಾಕಿಕೊಂಡೇ ಗುದ್ಲೆಪ್ಪ ನೂಕುತ್ತಿದ್ದ, ಯಾರೂ ಗುರುತು ಹಿಡಿಯಬಾರದೆಂದು. ಆ ಊರಿನಲ್ಲಿ ಆ ಕನ್ನಡಕ ಇದ್ದದ್ದು ಅವನೊಬ್ಬನಿಗೇ. ಎಲ್ಲರ ಹಿಂದೆ ಕೆಂದ್ಯಾ ಖಾಲಿ ಹೆಗಲು ಆಡಿಸುತ್ತ, ಮೆಲುಕು ಹಾಕುತ್ತ ಬರುತ್ತಿತ್ತು.

ಗುಡಿಯ ದಾರಿಗೆ ಬಲಕ್ಕೆ ಹೊರಳಬೇಕಿತ್ತು. ಕರಬಸಪ್ಪ ಉಸಿರು ಬಿಡುತ್ತ ಹಾಗೇ ಹೊರಳಲು ಹೋದ.

"ಕೈ ತೋರ್ಸು ಮೊದಲ," ಎಂದಳು ಮೇಲಿನಿಂದ ವೀರವ್ವ.

ಅವನು ನೊಗ ಬಿಡದೆ ಬಲಗೈ ಚಾಚಿದ. ಕಟ್ಟೆಯ ಮೇಲಿದ್ದ ಹಿರಿಯರೆಲ್ಲ ಎದ್ದು ನಿಂತರು. ಅಂದು ಒಬ್ಬರೂ ನಗಲಿಲ್ಲ, ನಾನೂ ನಗಲಿಲ್ಲ. ಹೊಟ್ಟೆ ತುಂಬ ನಗಬೇಕೆಂದು ಬಂದವನು ಚಕ್ಕಡಿಯ ಹಿಂದೆ ನಡೆದೆ. ಗುಡಿಯ ಮುಂದೆ ಬಂದಾಗ ಅವಳೇ "ಹೋ… ಹೋ" ಎಂದಳು. ಚಕ್ಕಡಿ ನಿಂತಿತು. ಅವಳು ಇಳಿದು ಬಂದು, ಮಗನ ಮುಖದ ಬೆವರನ್ನು ಸೆರಗಿನಿಂದ ಒರೆಸಿ, ಅಷ್ಟು ದಿನ ನೋಡದಿದ್ದ ಬಿಲ್ಲೆಯನ್ನು ಬೆರಳಿಂದ ಮುಟ್ಟಿ ನೋಡಿದಳು.

"ಈಗ ಪಾಸಾದಿ ನೋಡು," ಎಂದಳು.

"ಮತ್ತ ನಾ, ಯಕ್ಕಾ?" ಎಂದ ಹಿಂದಿನಿಂದ ಗುದ್ಲೆಪ್ಪ, ತೇಕುತ್ತ.

"ನೀ ಬರೂ ಸ್ವಾಮಾರ ಮತ್ತ ಬಾ."